ನಿಮ್ಮ ದವಡೆ ಲೇಖನದ ಬಗ್ಗೆ
ನಮಸ್ಕಾರ ಮೇಡಂ,

ದಾವಣಗೆರೆಯಿಂದ ನೀವು ಕಳಿಸಿದ ಲೇಖನ ಓದಿದೆ. ಬಾಯಿ ಕ್ಯಾನ್ಸರ್ ಆಗಿ ನಿಮ್ಮ ಮಾವನವರ ಕೆಳದವಡೆಯ ಒಂದು ಭಾಗ ತೆಗೆದು, ಕಾಲಿನ ಮೂಳೆ ಮತ್ತು ಟೈಟಾನಿಯಂ ಪ್ಲೇಟ್ ಇಟ್ಟು ಮತ್ತೆ ಕಟ್ಟಿದ ಕಥೆ. ಈಗಿರುವ ಹಾಗೆ ಇದನ್ನು ಹಾಕೋಕೆ ಆಗಲ್ಲ. ಆದರೆ ನೀವು ಇದನ್ನು ಕೈಬಿಡಲೂಬಾರದು.

ಮೊದಲ ಎರಡು ಪುಟ ಬರೀ 'ವೈದ್ಯಲೋಕದ ಪವಾಡ'ದ ಹೊಗಳಿಕೆ. ಪೂರ್ತಿ ತೆಗೆಯಿರಿ.

'3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ನಿಧಾನಕ್ಕೆ ಮೂಳೆಯಾಗುತ್ತದೆ' ಎಂದಿದ್ದೀರಿ. ಅದು ತಪ್ಪು. ಸಿಟಿ ಸ್ಕ್ಯಾನ್ ನೋಡಿ ಆ ರೋಗಿಯ ಮುಖಕ್ಕೇ ಹೊಂದುವಂತೆ ಪ್ಲೇಟ್ ಮಾಡಿಸುತ್ತಾರೆ, ನಿಜ. ಆದರೆ ಮೂಳೆ ತುಂಡುಗಳು ಅಲುಗಾಡದ ಹಾಗೆ ಹಿಡಿದಿಡುವುದಷ್ಟೇ ಅದರ ಕೆಲಸ. ಜೀವ ಇರುವುದು ಕಾಲಿನಿಂದ ತಂದ ಫಿಬ್ಯುಲಾಗೆ, ಅಂದರೆ ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ತೆಳ್ಳಗಿನದಕ್ಕೆ. ಅದನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ತಿರುವಿಗೆ ತಕ್ಕಂತೆ ಕತ್ತರಿಸಿ ಕೂರಿಸಿ, ಆ ನಾಳವನ್ನು ಕತ್ತಿನ ನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ದಾರ ಕೂದಲಿಗಿಂತ ತೆಳ್ಳಗಿರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ತಂದ ಮೂಳೆಯೇ ಸಾಯಬಹುದು. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಬಾಯಿಗೆ ಟಾರ್ಚ್ ಬಿಟ್ಟಿದ್ದು ಅದಕ್ಕೇ. ಮೂಳೆಯ ಜೊತೆಗೇ ಕಾಲಿನಿಂದ ತಂದು ಜೋಡಿಸಿದ ಚರ್ಮ ಬಿಳಿಚಿತಾ, ನೀಲಿಯಾಯಿತಾ ಅಂತ ನೋಡುತ್ತಿದ್ದರು. ನೀವು 'ಸಿಬ್ಬಂದಿ ತುಂಬಾ ಕಾಳಜಿ ಮಾಡಿದರು' ಎಂದು ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಿ! ಆ ರಾತ್ರಿಗೆ ಒಂದು ಪುಟ ಕೊಡಿ.

ಕೆಳದವಡೆಗೆ ಫಿಬ್ಯುಲಾ ಬಳಸಿದ್ದನ್ನು ಅಮೆರಿಕದ ಸರ್ಜನ್ ಡೇವಿಡ್ ಹಿಡಾಲ್ಗೋ 1989ರಲ್ಲಿ ಪ್ರಕಟಿಸಿದರು. ಇತಿಹಾಸ ಅಷ್ಟು ಸಾಕು. ಮೂಳೆ ತೆಗೆದ ಕಾಲಲ್ಲಿ ನಡೆಯೋದು ಹೇಗೆ ಅಂತ ಓದುಗರು ಕೇಳೇ ಕೇಳುತ್ತಾರೆ. ದೇಹದ ಭಾರ ಹೆಚ್ಚಾಗಿ ಹೊರುವುದು ಪಕ್ಕದ ದಪ್ಪ ಮೂಳೆ. ಕಣಕಾಲು ಗಟ್ಟಿಯಾಗಿರಲಿ ಅಂತ ಫಿಬ್ಯುಲಾದ ಕೆಳತುದಿಯನ್ನು ಉಳಿಸುತ್ತಾರೆ. ಇದನ್ನು ಸೇರಿಸಿ.

ಆರನೇ ಪುಟದಲ್ಲಿ ಮಾವನವರು ಮಂಡಕ್ಕಿಯನ್ನು ಚಹಾದಲ್ಲಿ ನೆನೆಸಿ ತಿಂದು, ಮಿರ್ಚಿ ತಟ್ಟೆಯನ್ನು ಮೊಮ್ಮಗನ ಕಡೆ ಸರಿಸುತ್ತಾರೆ. ಇಲ್ಲಿಂದಲೇ ಶುರು ಮಾಡಿ. ಹೊಸ ದವಡೆಯಲ್ಲಿ ಇನ್ನೂ ಹಲ್ಲಿಲ್ಲ, ಅಲ್ವಾ? ಮೂಳೆ ಕೂಡಿಕೊಂಡ ಮೇಲೆ ಅದರಲ್ಲಿ ಹಲ್ಲಿನ ಇಂಪ್ಲಾಂಟ್ ಕೂರಿಸಲು ಸಾಧ್ಯವಿದೆ. ಆದರೆ ರೇಡಿಯೇಷನ್ ಆಗಿದ್ದರೆ ಅಪಾಯ ಜಾಸ್ತಿ. ನಿಮ್ಮ ಡಾಕ್ಟರನ್ನು ಕೇಳಿ ಬರೆಯಿರಿ.

ಇನ್ನೊಂದು ಮಾತು. ದೋಷವನ್ನೆಲ್ಲ ಗುಟ್ಕಾದ ಮೇಲೆ ಹಾಕಿ, ಮಾವನವರು ಜಗಿಯುತ್ತಿದ್ದ ಬರೀ ಅಡಿಕೆಯನ್ನು ಬಿಟ್ಟಿದ್ದೀರಿ. ತಂಬಾಕು ಇಲ್ಲದಿದ್ದರೂ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಚನ್ನಗಿರಿ, ಭೀಮಸಮುದ್ರದ ಬೆಳೆಗಾರರೂ ನಮ್ಮ ಓದುಗರೇ. ಅವರಿಗೆ ನೋವಾಗಬಹುದು. ಆದರೂ ಬರೆಯಿರಿ. ಬರುವ ಪತ್ರಗಳಿಗೆ ನಾನೇ ಉತ್ತರ ಕೊಡುತ್ತೇನೆ.