ಬ್ಲ್ಯಾಕ್ ಬೆಲ್ಟ್‌ನಿಂದ ವಿಶ್ವವಿದ್ಯಾಲಯದ ಪ್ರವೇಶಕ್ಕೆ ನೆರವಾದೀತೆ?

ಪ್ರಶ್ನೆ: ಎಂಟು ವರ್ಷಗಳಿಂದ ಕರಾಟೆ ಕಲಿಯುತ್ತಿದ್ದು, ಈಗ ಫಸ್ಟ್ ಡಾನ್ (ಮೊದಲ ಹಂತದ) ಬ್ಲ್ಯಾಕ್ ಬೆಲ್ಟ್ ಪಡೆದಿದ್ದೇನೆ. ಭಾನುವಾರಗಳಂದು ಕಿರಿಯರಿಗೆ ಹೇಳಿಕೊಡುತ್ತೇನೆ. ಹೇಳಿಕೊಳ್ಳುವಂತಹ ಪದಕಗಳಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವಾಗ ಇದರಿಂದ ಪ್ರಯೋಜನವಾದೀತೆ?

ಉತ್ತರ: ಆದೀತು; ಆದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಅಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ವೀಕರಿಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳನ್ನು ನಮೂದಿಸಬಹುದು. ಪ್ರತಿಯೊಂದರ ವಿವರಣೆಯೂ ಖಾಲಿ ಜಾಗ ಸೇರಿ 150 ಅಕ್ಷರಗಳಲ್ಲಿ ಮುಗಿಯಬೇಕು. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಬೇಕು. ಇಷ್ಟು ಇಕ್ಕಟ್ಟಿನಲ್ಲಿ ‘ಶಿಸ್ತು ಮತ್ತು ಆತ್ಮವಿಶ್ವಾಸ ಬೆಳೆಯಿತು’ ಎಂದು ಬರೆಯುವುದು ಜಾಗದ ಪೋಲು, ಏಕೆಂದರೆ ಕರಾಟೆ ಕಲಿತವರೆಲ್ಲರೂ ಬರೆಯುವುದು ಅದನ್ನೇ. ಬೆಲ್ಟ್ ಪರೀಕ್ಷೆಯ ಮಟ್ಟ ಒಂದೊಂದು ಶೈಲಿಯಲ್ಲಿ, ಒಂದೊಂದು ಡೋಜೊದಲ್ಲಿ (ಕರಾಟೆ ಶಾಲೆಯಲ್ಲಿ) ಒಂದೊಂದು ತೆರನಾಗಿರುವುದರಿಂದ ಅದರ ಬಣ್ಣವೊಂದೇ ಪರಿಶೀಲಕರಿಗೆ ಹೆಚ್ಚೇನನ್ನೂ ತಿಳಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ಸರಕೆಂದರೆ ಭಾನುವಾರದ ತರಗತಿ. ಯಾವ ವಯಸ್ಸಿನ ಎಷ್ಟು ಮಕ್ಕಳಿಗೆ ಕಲಿಸುತ್ತೀರಿ, ಪಾಠದ ಕ್ರಮವನ್ನು ನೀವೇ ರೂಪಿಸುತ್ತೀರೋ ಅಥವಾ ಸೆನ್ಸೈ (ಗುರುಗಳು) ಹೇಳಿದ್ದನ್ನು ನಡೆಸಿಕೊಡುತ್ತೀರೋ ಎಂಬುದನ್ನು ಇದ್ದಂತೆ ಬರೆಯಿರಿ. ಕಾಮನ್ ಆ್ಯಪ್‌ನ ಗರಿಷ್ಠ 650 ಪದಗಳ ಪ್ರಬಂಧಕ್ಕೂ ಇದೇ ವಸ್ತು ಒದಗುತ್ತದೆ. ಕಟಾದ (ನಿಗದಿತ ಕ್ರಮದ ಚಲನೆಗಳ ಅಭ್ಯಾಸ) ಒಂದೇ ತಿರುವಿನಲ್ಲಿ ಪದೇ ಪದೇ ಆಯ ತಪ್ಪುವ ಮಗುವಿನ ಹಿಂದಿನ ಕಾಲಿನ ಹಿಮ್ಮಡಿ ಮೇಲೇಳುತ್ತಿದೆ ಎಂಬುದನ್ನು ಗಮನಿಸಿ, ನಿಲುವನ್ನು ಸ್ವಲ್ಪ ಕಿರಿದಾಗಿಸಿ, ಮತ್ತೆ ನಿಧಾನವಾಗಿ ಮಾಡಿಸಿದ ಬಗೆಯನ್ನು ವಿವರಿಸಿದರೆ, ನೀವು ಹೇಗೆ ಯೋಚಿಸುತ್ತೀರಿ ಎಂಬುದು ಓದುವವರಿಗೆ ತಾನಾಗಿಯೇ ಕಾಣುತ್ತದೆ. ಪಂದ್ಯದಲ್ಲಿ ಸೋತು ಪಾಠ ಕಲಿತ ಕಥೆಯನ್ನು ದಯವಿಟ್ಟು ಬಿಟ್ಟುಬಿಡಿ, ಅದು ಸವಕಲಾಗಿದೆ.

ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯಾದ ಯುಕಾಸ್ ಮೂಲಕ ಸಲ್ಲಿಸುವ ಅರ್ಜಿಯಲ್ಲಿ, 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿಗೆ ಒಟ್ಟು 4000 ಅಕ್ಷರಗಳಲ್ಲಿ ಉತ್ತರಿಸಬೇಕು. ಅಲ್ಲಿ ಮುಖ್ಯವಾಗುವುದು ನೀವು ಆರಿಸಿಕೊಂಡ ವಿಷಯಕ್ಕೆ ನಡೆಸಿರುವ ಸಿದ್ಧತೆ. ಕರಾಟೆಗೆ ಸಲ್ಲುವ ಜಾಗ ಶಿಕ್ಷಣದ ಹೊರಗಿನ ಅನುಭವವನ್ನು ಕೇಳುವ ಮೂರನೆಯ ಪ್ರಶ್ನೆ. ಫಿಸಿಯೋಥೆರಪಿ ಅಥವಾ ಶಿಕ್ಷಣಶಾಸ್ತ್ರ ಓದುವವರು ಅದನ್ನು ತಕ್ಕಮಟ್ಟಿಗೆ ವಿಸ್ತರಿಸಬಹುದು. ಗಣಿತಕ್ಕಾದರೆ ಒಂದೆರಡು ವಾಕ್ಯ ಸಾಕು, ಎಳೆದು ತಂದ ಸಂಬಂಧ ಬೇಡ.

ಗಂಟೆಗಳ ಲೆಕ್ಕವನ್ನು ಉಬ್ಬಿಸಬೇಡಿ. ಎಲ್ಲ ಚಟುವಟಿಕೆಗಳ ಮೊತ್ತ ವಾರದ ಅವಧಿಗೆ ಹೊಂದದಿದ್ದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಶಿಕ್ಷಕರಲ್ಲದ ಇತರರ ಶಿಫಾರಸು ಪತ್ರಕ್ಕೆ ವಿಶ್ವವಿದ್ಯಾಲಯದಲ್ಲಿ ಅವಕಾಶವಿದ್ದರೆ, ನಿಮ್ಮ ಸೆನ್ಸೈ ಅವರನ್ನು ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ ಕೇಳಿಕೊಳ್ಳಿ.