ಹಾಡಿಲ್ಲದ ಸಂಗೀತ ಅರ್ಥವಾಗುತ್ತದಾ?

ಪ್ರಶ್ನೆ: ಬೆಂಗಳೂರಿಗೆ ವಿದೇಶಿ ಆರ್ಕೆಸ್ಟ್ರಾ ಬರುತ್ತಿದೆಯಂತೆ. ಯುದ್ಧದಲ್ಲಿ ಸತ್ತವರ ನೆನಪಿಗೆ ರಷ್ಯಾದ ಸಂಗೀತಗಾರ ಶೊಸ್ತಕೋವಿಚ್ ಅವರ ಏಳನೇ ಸಿಂಫೊನಿ, ಅಂದರೆ ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ, ನುಡಿಸುತ್ತಾರಂತೆ. ಮಗಳು ಟಿಕೆಟ್ ತೆಗೆದಿದ್ದಾಳೆ. ಹಾಡೇ ಇಲ್ಲದ ಸಂಗೀತ ನನಗೆ ಅರ್ಥವಾಗುತ್ತದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸುಮ್ನೆ ಹೋಗಿ ಬನ್ನಿ. ಕಥೆ ಗೊತ್ತಿದ್ದರೆ ಸಾಕು. 1941ರ ಸೆಪ್ಟೆಂಬರಿನಿಂದ ಜರ್ಮನ್ ಸೇನೆ ರಷ್ಯಾದ ಲೆನಿನ್‌ಗ್ರಾಡ್ ನಗರವನ್ನು ಮುತ್ತಿತ್ತು, ಜನ ಹಸಿವಿನಿಂದಲೇ ಲಕ್ಷಗಟ್ಟಲೆ ಸತ್ತರು. ಅಂಥದ್ದರಲ್ಲಿ 1942ರ ಆಗಸ್ಟ್ 9ರಂದು ಅಲ್ಲೇ ಈ ಸಿಂಫೊನಿ ನುಡಿಸಿದರು, ರೇಡಿಯೋ ಆರ್ಕೆಸ್ಟ್ರಾದಲ್ಲಿ ಉಳಿದವರು ಸಾಲದೆ ಸೈನ್ಯದಿಂದ ವಾದ್ಯ ಬಲ್ಲವರನ್ನು ಕರೆಸಿ, ಶತ್ರುಗಳ ಕಿವಿಗೂ ಬೀಳಲಿ ಅಂತ ಲೌಡ್‌ಸ್ಪೀಕರ್ ಹಾಕಿ! ನನಗಂತೂ ಇದು ಸಂಗೀತಕ್ಕಿಂತ ಜಾಸ್ತಿ ಹಠ ಅನ್ನಿಸುತ್ತದೆ.

ಮೊದಲ ಭಾಗದಲ್ಲಿ ಸಣ್ಣ ಡ್ರಮ್ಮಿನ ಸದ್ದು ಕೇಳಿಸುತ್ತದೆ. ತೋಟದಾಚೆ ದೂರದಲ್ಲೆಲ್ಲೋ ಆಟದ ಚಂಡೆ ಕೇಳಿದಂತೆ ಮೆಲ್ಲಗೆ ಶುರುವಾಗಿ, ಅದೇ ರಾಗ ಮತ್ತೆ ಮತ್ತೆ ಬಂದು, ಕೊನೆಗೆ ಕಿವಿ ಕಿತ್ತುಹೋಗುವಷ್ಟು ಜೋರಾಗುತ್ತದೆ. ಅದಕ್ಕೆ ಅರ್ಥ ಹೇಳಿಕೊಡಬೇಕಿಲ್ಲ, ಅಲ್ವಾ?

ಒಟ್ಟು ನಾಲ್ಕು ಭಾಗ, ಒಂದು ಗಂಟೆಗೂ ಜಾಸ್ತಿ. ನಡುವೆ ಚಪ್ಪಾಳೆ ತಟ್ಟಬೇಡಿ, ಎದುರು ನಿಂತು ಕೈಯಾಡಿಸಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೊನೆಯಲ್ಲಿ ಕೈ ಇಳಿಸಿದ ಮೇಲೆ ಸಾಕು. ವಾಪಸ್ ಬರಲು ರಾತ್ರಿ ಬಸ್ಸಿಗೆ ಮೊದಲೇ ಸೀಟು ಮಾಡಿಸಿಡಿ.