ಮಾರುವ ಮನೆಗೆ ಹೊಸ ಹೊದಿಕೆ ಬೇಕಾ?

ಪ್ರಶ್ನೆ: ಸರ್, ನಾವು ಧಾರವಾಡದವರು. ಯಜಮಾನರು ಬಂದರಿನ ಕೆಲಸದಿಂದ ನಿವೃತ್ತರಾದರು. ಗೋವಾದ ವಾಸ್ಕೋದಲ್ಲಿ 1996ರಲ್ಲಿ ಕಟ್ಟಿಸಿದ ಚಿರೆಕಲ್ಲಿನ (ಜಂಬಿಟ್ಟಿಗೆಯ) ಮನೆ ಮಾರಿ ಊರಿಗೆ ಹೋಗಬೇಕು ಅಂತಿದ್ದೇವೆ. ಹೊರಗೋಡೆಗೆ ಎಸಿಪಿ ಅನ್ನುವ ಅಲ್ಯೂಮಿನಿಯಂ ಶೀಟು ಅಥವಾ ಕಲ್ಲಿನ ಕ್ಲಾಡಿಂಗ್ (ಹೊದಿಕೆ) ಹಾಕಿಸಿದರೆ ರೇಟು ಏರುತ್ತದೆ ಅಂತ ದಲ್ಲಾಳಿ ಹೇಳುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಸ್ವಲ್ಪ ಒದ್ದೆ ಇದೆ. ಅದೂ ಮುಚ್ಚಿಹೋಗುತ್ತದಂತೆ. ಮೂರು ಲಕ್ಷ ಖರ್ಚು ಮಾಡೋದಾ, ಬೇಡವಾ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಅಕ್ಕಾ, ಆ ಮೂರು ಲಕ್ಷ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ‘ಅದೂ ಮುಚ್ಚಿಹೋಗುತ್ತದೆ’ ಅನ್ನುವ ಮಾತು ಓದಿ ನನಗೆ ನಿಜಕ್ಕೂ ಕಳವಳವಾಯಿತು. ನಾನೂ ಒಮ್ಮೆ ಹಾಗೇ ಮುಚ್ಚಿದವನು.

ನಾನು ಅಂಕೋಲೆಯವನು. ಮಡಗಾಂವಿನಲ್ಲಿ ಮೂವತ್ತೊಂದು ವರ್ಷ ಕಟ್ಟಡದ ಕೆಲಸ ನೋಡಿಕೊಂಡೆ. 2011ರಲ್ಲಿ ನಮ್ಮ ಮನೆಯ ಪಶ್ಚಿಮದ ಗೋಡೆಗೆ ಕಲ್ಲಿನ ಟೈಲ್ಸ್ ಅಂಟಿಸಿದೆ. ಎರಡು ವರ್ಷ ತುಂಬಾ ಚಂದ ಇತ್ತು. ಮೂರನೇ ಮಳೆಗಾಲಕ್ಕೆ ನಾಲ್ಕು ಟೈಲ್ಸ್ ಬಿದ್ದವು. ಅವನ್ನು ಮತ್ತೆ ಅಂಟಿಸಿದೆ. ಮುಂದೆ ಮನೆ ಮಾರಲು ಹೊರಟಾಗ ಗಲ್ಫಿನಿಂದ ವಾಪಸು ಬಂದಿದ್ದ ಒಬ್ಬ ಹಿರಿಯರು ನೋಡಲು ಬಂದರು. ಹಾಲ್, ಅಡುಗೆಮನೆ ನೋಡುವ ಮೊದಲೇ ಕೀಲಿಗೊಂಚಲಿನಿಂದ ಆ ಗೋಡೆ ತಟ್ಟುತ್ತಾ ಹೋದರು. ಅರ್ಧಕ್ಕರ್ಧ ಟೊಳ್ಳು ಸದ್ದು. ‘ಇದರ ಹಿಂದೆ ಏನಿದೆ?’ ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರು ಮತ್ತೆ ಬರಲಿಲ್ಲ. ಟೈಲ್ಸ್ ಎಲ್ಲ ತೆಗೆಸಿ ನೋಡಿದರೆ ಟೆರೇಸಿನ ನೀರಿಳಿಯುವ ಪೈಪಿನ ಒಂದು ಜಾಯಿಂಟು ಸೋರುತ್ತಿತ್ತು. ಅಷ್ಟೇ. ಅದನ್ನು ಸರಿಮಾಡಿ, ಪ್ಲಾಸ್ಟರ್ ಮಾಡಿಸಿ, ಗೋಡೆ ಒಣಗಿದ ಮೇಲೆ ಬಣ್ಣ ಹೊಡೆಸಿದೆ. ಮನೆ ಹೋಯಿತು, ಒಳ್ಳೆ ಬೆಲೆಗೇ.

ದಲ್ಲಾಳಿ ಹೇಳಿದ್ದು ಪೂರ್ತಿ ಸುಳ್ಳು ಅಂತಲ್ಲ. ಅಮೆರಿಕದಲ್ಲಿ ‘ಕಾಸ್ಟ್ ವರ್ಸಸ್ ವ್ಯಾಲ್ಯೂ’ ಎಂಬ ವರದಿ ಬರುತ್ತದೆ. ಮನೆಯ ಯಾವ ಕೆಲಸಕ್ಕೆ ಹಾಕಿದ ದುಡ್ಡು ಮಾರುವಾಗ ಎಷ್ಟು ವಾಪಸು ಬರುತ್ತದೆ ಅನ್ನುವ ಲೆಕ್ಕ ಅದು. 2024ರ ವರದಿಯಲ್ಲಿ ಮುಂಭಾಗದ ಗೋಡೆಯ ಕೆಳಭಾಗಕ್ಕೆ ಕೃತಕ ಕಲ್ಲು ಹಾಕಿಸಿದರೆ ನೂರಕ್ಕೆ ಸುಮಾರು 153 ಬರುತ್ತದೆ ಅಂತಿದೆ. ಫೈಬರ್ ಸಿಮೆಂಟಿನ ಹೊದಿಕೆಗೆ ಸುಮಾರು 88, ವಿನೈಲ್ ಅನ್ನುವ ಪ್ಲಾಸ್ಟಿಕ್ ಹೊದಿಕೆಗೆ 80. ಆದರೆ ಅಲ್ಲಿನ ಹೆಚ್ಚಿನ ಮನೆಗಳ ಒಳಗಿರುವುದು ಮರದ ಚೌಕಟ್ಟು. ಹೊರಗಿನ ಆ ಹೊದಿಕೆಯೇ ಮನೆಗೆ ಮಳೆಯಂಗಿ. ಅದು ಹೊಸದಾಗಿದ್ದರೆ ಕೊಳ್ಳುವವನಿಗೆ ದೊಡ್ಡದೊಂದು ಚಿಂತೆ ಕಳೆಯುತ್ತದೆ. ನಿಮ್ಮ ಮನೆ ನಿಂತಿರುವುದು ಚಿರೆಕಲ್ಲಿನ ಮೇಲೆ. ಇಲ್ಲಿ ಗೋಡೆಯೇ ಮೈ, ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಚಿರೆಕಲ್ಲಿನ ತುಂಬಾ ಸಣ್ಣ ಸಣ್ಣ ತೂತು, ನಿಮಗೆ ಗೊತ್ತೇ ಇದೆ. ನೀರು ಕುಡಿಯುತ್ತದೆ, ಬಿಸಿಲು ಬಂದರೆ ಬಿಟ್ಟುಕೊಡುತ್ತದೆ. ಹಳಬರು ಸುಣ್ಣ ಬಳಿಯುತ್ತಿದ್ದರು. ಸುಣ್ಣ ಆ ಉಸಿರನ್ನು ಕಟ್ಟುವುದಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಪಶ್ಚಿಮಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಳೆಯ ಹೊಡೆತ ತಟ್ಟಿಗೆ, ಹಿಂದೆ ಗಾಳಿಯಾಡಲು ಜಾಗ. ಮಳೆ ಮುಗಿದರೆ ಬಿಚ್ಚಿ ಒಲೆಗೆ. ನನ್ನ ಅಜ್ಜಿಯ ಮನೆಯಲ್ಲಿ ಆ ಕೆಲಸಕ್ಕೆ ಮನೆಮಂದಿಯೆಲ್ಲ ಸೇರುತ್ತಿದ್ದೆವು. ಒಳ್ಳೆಯ ಕ್ಲಾಡಿಂಗಿನ ಗುಟ್ಟೂ ಅದೇ: ಹಿಂದೆ ಗಾಳಿ ಬೇಕು, ಬಂದ ನೀರು ಇಳಿದುಹೋಗಬೇಕು. ಒದ್ದೆ ಗೋಡೆಗೆ ಸೀದಾ ಕಲ್ಲು ಅಂಟಿಸಿದರೆ ನೀರು ಹೊರಗೆ ಬರಲಾಗದೆ ಒಳಗಿನ ಕೋಣೆಯ ಕಡೆ ಹೊರಡುತ್ತದೆ. ಆಮೇಲೆ ಉಪ್ಪು ಏಳುತ್ತದೆ, ಬಣ್ಣ ಉದುರುತ್ತದೆ.

ಎಸಿಪಿ ವಿಷಯ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಹೆಚ್ಚಾಗಿ ಪ್ಲಾಸ್ಟಿಕ್. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನಿನಲ್ಲಿ ಬೆಂಕಿ ಅಷ್ಟು ಬೇಗ ಮೇಲೇರಲು ಮುಖ್ಯ ಕಾರಣ ಇಂಥ ಹೊದಿಕೆಯೇ. 72 ಜನ ಸತ್ತರು. ಬೆಂಕಿ ತಡೆಯುವ ತಿರುಳಿನದೂ ಸಿಗುತ್ತದೆ, ರೇಟು ಜಾಸ್ತಿ. ಅದಿರಲಿ, ವಾಸ್ಕೋದ ಉಪ್ಪುಗಾಳಿಗೆ ಸಾದಾ ಸ್ಕ್ರೂ ಬೇಗ ತುಕ್ಕು ಹಿಡಿದು ಕೆಂಪು ಗೆರೆ ಇಳಿಸುತ್ತದೆ. 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಬೇಕು. ನನ್ನ ಕಣ್ಣಿಗಂತೂ ವಾಸದ ಮನೆಗೆ ಎಸಿಪಿ ಹಾಕಿದರೆ ಶೋರೂಮಿನ ಹಾಗೆ ಕಾಣುತ್ತದೆ. ಗೋವಾದಲ್ಲಿ ಮನೆ ಕೊಳ್ಳಲು ಬರುವವರು ಕೇಳುವುದು ಹಂಚಿನ ಸೂರು, ಬಾಗಿಲ ಮುಂದೆ ಕೂರಲು ಒಂದು ಬಲ್ಕಾಂವ್ (ಕಟ್ಟೆಯಿರುವ ಜಗಲಿ). ನಿಮ್ಮಲ್ಲಿ ಪ್ಲಾಸ್ಟರ್ ಮಾಡದ ಚಿರೆಕಲ್ಲಿನ ಕಂಬವೋ ಕಾಂಪೌಂಡೋ ಇದ್ದರೆ ಹಾವಸೆ ತಿಕ್ಕಿ ತೊಳೆಸಿ, ಹಾಗೇ ಬಿಡಿ. ಅದಕ್ಕಿಂತ ಒಳ್ಳೆಯ ಕಲ್ಲು ಅಂಗಡಿಯಲ್ಲಿ ಸಿಗಲ್ಲ.

ಈಗ ನೀವು ಮಾಡಬೇಕಾದ್ದು. ಮೊದಲು ನೀರು ಎಲ್ಲಿಂದ ಅಂತ ಹುಡುಕಿಸಿ: ಟೆರೇಸಿನ ಮೂಲೆ, ಪೈಪಿನ ಜಾಯಿಂಟು, ಚಜ್ಜಾದ ಮೇಲ್ಭಾಗ. ಕಾಂಕ್ರೀಟು ಮತ್ತು ಚಿರೆಕಲ್ಲು ಕೂಡುವಲ್ಲಿ ಪ್ಲಾಸ್ಟರ್ ಸೀಳಿರುತ್ತದೆ. ಅಲ್ಲಿ ಬಿಡಿಸಿ, ಚಿಕನ್ ಮೆಶ್ (ತಂತಿಯ ಬಲೆ) ಹೊಡೆಸಿ, ಮತ್ತೆ ಪ್ಲಾಸ್ಟರ್ ಮಾಡಿಸಿ. ಮಳೆ ನಿಂತ ಮೇಲೆ ಗೋಡೆ ಒಣಗಲು ಬಿಡಿ. ಅವಸರ ಬೇಡ. ಒಣಗಿದೆಯಾ ಅಂತ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಂಡರೆ ಇನ್ನೂ ಕಾಯಿರಿ. ಆಮೇಲೆ ಗೋಡೆಯ ಆವಿ ಹೊರಗೆ ಬಿಡುವಂಥ ಹೊರಬಣ್ಣ, ತಿಳಿ ಬಣ್ಣದ್ದು. ಮುಂದಿನ ಮಳೆಗಾಲದೊಳಗೆ ಇಷ್ಟೂ ಮುಗಿಯುತ್ತದೆ.

ರಿಪೇರಿಯ ಬಿಲ್ಲು, ಕೆಲಸದ ಫೋಟೋ ಒಂದು ಫೈಲಿನಲ್ಲಿಡಿ. ದಲ್ಲಾಳಿ ‘ಮಳೆ ಮುಗಿದ ಮೇಲೆ ಮನೆ ತೋರಿಸೋಣ’ ಅಂದರೆ ಒಪ್ಪಬೇಡಿ. ಗಿರಾಕಿಯನ್ನು ಜುಲೈನಲ್ಲೇ ಕರೆಯಿರಿ, ಮಳೆ ಸುರಿಯುವಾಗ. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ಅವರೇ ನೋಡಲಿ.